ಜಗಲಿಯ ಮಾತು ಕೇಳಿದ ಕ್ಯಾಮೆರಾ

ಕೆಲಸಕ್ಕೆ ಬದಲು ಕೆಲಸವೆಂದು ಮುಯ್ಯಾಳಾಗಿ ಬಂದ ನೆರೆಯ ಹೆಂಗಸರೊಂದಿಗೆ ನಮ್ಮ ಜಗಲಿಯಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆ. ಪಕ್ಕದ ಮನೆಯ ಗೌರಕ್ಕ ತಾವು ಮಾಡಿಸಿಕೊಳ್ಳಬೇಕಾದ ಗರ್ಭಕೋಶದ ಆಪರೇಷನ್ ಬಗ್ಗೆ ಮೆಲ್ಲಗೆ ಹೇಳುತ್ತಿದ್ದರು. ಬಾಗಿಲ ಮೇಲಿನ ಕ್ಯಾಮೆರಾ ಇದ್ದಕ್ಕಿದ್ದಂತೆ ಮಾತಾಡಿತು: “ಗೌರಕ್ಕಾ, ಆಪ್ರೇಸನ್ ಬ್ಯಾಡ ಬುಡಿ!”

ಅದು ಮೈಸೂರಿನಲ್ಲಿರುವ ನನ್ನ ಮೈದುನನ ದನಿ. ಸೊಪ್ಪಿನ ಕಾವಲಿಗೆಂದು ಅವನೇ ಹಾಕಿಸಿದ್ದ ಕ್ಯಾಮೆರಾ. ಮೊಬೈಲಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಗೌರಕ್ಕ ಅರ್ಧ ಕಟ್ಟಿದ ಕಡ್ಡಿ ಬಿಟ್ಟು ಎದ್ದು ಹೋದರು.

“ಕಾವಲು ಸೊಪ್ಪಿಗೆ ಕಣಪ್ಪ, ನಮ್ ಮಾತಿಗಲ್ಲ,” ಎಂದು ಕ್ಯಾಮೆರಾದ ಮುಖಕ್ಕೇ ಹೇಳಿ, ಸ್ಟೂಲು ಹತ್ತಿ ವೈರು ಕಿತ್ತೆ.

ಕ್ಯಾಮೆರಾ ಈಗ ದೂರದಲ್ಲಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಗೋಡೆಯ ಮೇಲಿದೆ. ಗೌರಕ್ಕ ಮತ್ತೆ ಮುಯ್ಯಿಗೆ ಬರುತ್ತಾರೆ; ಕೂರುವ ಮೊದಲು ಬಾಗಿಲ ಮೇಲೊಮ್ಮೆ ನೋಡುತ್ತಾರೆ. ಆಪರೇಷನ್ ಮಾತು ಮಾತ್ರ ಇನ್ನೂ ಅರ್ಧಕ್ಕೇ ನಿಂತಿದೆ.