ಸೀಗಡಿ ನೂಡಲ್ಸಿನ ಸತ್ವ

ಟಿ.ಬಿ. ಡ್ಯಾಂ ಬಸ್ ನಿಲ್ದಾಣದ ಪಕ್ಕ ಗಾಡಿ ಇಟ್ಟುಕೊಂಡು ಸೀಗಡಿ ನೂಡಲ್ಸ್ ಮಾರುವ ಕರೆಮ್ಮನನ್ನು ಸಿದ್ದಲಿಂಗೇಶ್ ಬಹಳ ದಿನ ಕಳ್ಳಿಯೆಂದೇ ತಿಳಿದಿದ್ದರು. ಗಿರಾಕಿಗಳ ತಟ್ಟೆಗೆ ಉಗುರಿನಷ್ಟು ಸೀಗಡಿ ಉದುರಿಸಿ, ದಪ್ಪನೆಯವನ್ನೆಲ್ಲ ಸ್ಟೀಲ್ ಡಬ್ಬಿಗೆ ಸೇರಿಸುತ್ತಿದ್ದಳು. ಯಾವನೋ ಸಾಹೇಬನ ಪಾಲಿರಬೇಕು ಎಂದುಕೊಂಡರು. ತಾವು ತಿನ್ನುತ್ತಿದ್ದುದು ವೆಜ್ ನೂಡಲ್ಸ್, ಅದಕ್ಕೆ ಬೇರೆಯೇ ಬಾಣಲೆ. ಆದರೂ ಅನ್ಯಾಯ ಕಂಡು ಸುಮ್ಮನಿರುವ ಜಾಯಮಾನ ಅವರದಲ್ಲ. ಕೇಳಿಯೇಬಿಟ್ಟರು.

"ಮನ್ಯಾಗ ಗಂಡ ಮಲಗ್ಯಾನ್ರಿ. ಇದೊಂದಾ ಸೇರ್ತೈತಿ ಅವಂಗ," ಎಂದಳು ಕರೆಮ್ಮ.

ಗಂಡ ಹುಲುಗೇಶ್ ಚೀನಾಕ್ಕೆ ಹೋಗುವ ಸಂಡೂರಿನ ಅದಿರನ್ನು ಲಾರಿಯಲ್ಲಿ ಮಂಗಳೂರು ಬಂದರಿಗೆ ಸಾಗಿಸುತ್ತಿದ್ದವನು. ಅಲ್ಲಿಯ ಚೈನೀಸ್ ಹೋಟೆಲಿನಲ್ಲಿ ತಿಂದು ಬಂದು, ಅದೇ ರುಚಿ ಬರುವವರೆಗೂ ಹೆಂಡತಿಯ ಪ್ರಾಣ ತಿಂದಿದ್ದ. "ನಮ್ ಮಣ್ಣು ಚೀನಾದವ್ರಿಗೆ, ಅವ್ರ ನೂಡಲ್ಸ್ ನಮಗ. ಚುಕ್ತಾ ಆತಲ್ಲಲೇ!" ಎಂದು ನಗುತ್ತಿದ್ದನಂತೆ. ಈಗ ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಕೈಚೆಲ್ಲಿ, ಸೇರಿದ್ದನ್ನು ಕೊಡು ಎಂದು ಮನೆಗೆ ಕಳಿಸಿದ್ದರು. ಗಂಜಿಯನ್ನು ದೂಡುತ್ತಿದ್ದವನು ಈ ಸೀಗಡಿ ನೂಡಲ್ಸನ್ನು ಮಾತ್ರ ನಾಲ್ಕು ತುತ್ತು ತಿನ್ನುತ್ತಿದ್ದ.

"ಇದ್ರಾಗ ಶಕ್ತಿ ಐತೇನ್ರಿ? ನೀವು ಓದಿದೋರು."

ಕೇಳಬಾರದವರನ್ನು ಕೇಳಿದ್ದಳು. ಸಿದ್ದಲಿಂಗೇಶ್ ಕಾಲುವೆ ಕಚೇರಿಯ ನಿವೃತ್ತ ಗುಮಾಸ್ತರು. ಬೆಳಗಿನ ವಾಕಿಂಗ್ ಬಳಗಕ್ಕೆ ಫೀಸಿಲ್ಲದ ವೈದ್ಯರು. ಜನ್ಮದಲ್ಲಿ ಸೀಗಡಿ ಮುಟ್ಟದವರು ಮೊಬೈಲ್ ತೀಡಿ ತೀರ್ಪು ಕೊಟ್ಟರು: "ಸೀಗಡ್ಯಾಗ ಪ್ರೋಟೀನ್ ಭಾಳ ಐತಿ. ಮೈದಾ ದಂಡ. ಸಾಸಂದ್ರ ಬರೇ ಉಪ್ಪು. ಸಾಸ್ ಬ್ಯಾಡ, ಎಣ್ಣಿ ಬ್ಯಾಡ, ಸುಮ್ನ ಬೇಯ್ಸಿ ಕೊಡು. ಎದ್ದು ಕುಂದರ್ತಾನ ನೋಡು."

ಎದ್ದು ಕೂರುತ್ತಾನೆ ಎಂದು ಆಕೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಬರೀ ಬೇಯಿಸಿದ ಸೀಗಡಿಯನ್ನೇ ಇಟ್ಟಳು. ಹುಲುಗೇಶ್ ಮೂಸಿ, "ನನ್ ನೂಡಲ್ಸ್ ಎಲ್ಲೈತಿ?" ಎಂದು ಗೋಡೆಯ ಕಡೆ ತಿರುಗಿದ. ಮರುದಿನವೂ ಹಾಗೆಯೇ. ಆಕೆ ಅಳುಕುತ್ತ ಹೇಳಿದಾಗಲೆಲ್ಲ ಸಿದ್ದಲಿಂಗೇಶ್, "ಹಟ ಅದು, ನೀ ಸೋಲಬ್ಯಾಡ," ಎಂದರು. ಆಕೆ ಸೋಲಲಿಲ್ಲ.

ಆಮೇಲೆ ಗಾಡಿ ಬರುವುದು ನಿಂತಿತು. ಹುಲುಗೇಶ್ ತೀರಿಕೊಂಡ ಸುದ್ದಿ ಕೇಳಿ ಸಿದ್ದಲಿಂಗೇಶ್ ಅವಳ ಮನೆಗೆ ಹೋಗಿ ಚಾಪೆಯ ಮೇಲೆ ಕುಳಿತರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದರು:

"ಕಡೀತನ ಪ್ರೋಟೀನ್ ಬರೋಬ್ಬರಿ ಸಿಗ್ತಿತ್ತೇನಮ್ಮ?"

ಕರೆಮ್ಮ ತಲೆ ಎತ್ತಿದಳು.

"ತಟ್ಟ್ಯಾಗ ಎಲ್ಲಾ ಇತ್ರಿ. ಹೊಟ್ಟಿಗೆ ಹೋಗ್ಲಿಲ್ಲ."