ಡಾಕ್ಟರ ಹೆಂಡತಿಯ ಕೇಸು

ನನ್ನ ಗಂಡ ಕೊಲ್ಲಿ ನಾಡಿನ ಸೊಹಾರ್‌ ಊರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಜನರಲ್ ಪ್ರಾಕ್ಟೀಷನರ್. ಊರಿಗೆಲ್ಲ ಸಿಗುವ ಈ ಡಾಕ್ಟರು ಮನೆಯಲ್ಲಿ ನನಗೆ ಮಾತ್ರ ಸಿಗುವುದಿಲ್ಲ. ಕೆಲವು ತಿಂಗಳಿಂದ ನನಗೆ ವಿಪರೀತ ಸುಸ್ತು. ಎರಡನೇ ಮಹಡಿಯ ಫ್ಲ್ಯಾಟಿಗೆ ಹತ್ತುವಾಗ ಅರ್ಧದಲ್ಲೇ ನಿಲ್ಲುತ್ತಿದ್ದೆ. ಯಾರಾದರೂ ಬಂದರೆ ಫೋನ್ ನೋಡುವವಳಂತೆ ನಟಿಸುತ್ತಿದ್ದೆ. ಅಮ್ಮನ ಹೃದಯದ ಕಾಯಿಲೆ ಶುರುವಾದದ್ದೂ ಹೀಗೇ. ಇವರಿಗೆ ಹೇಳಿದರೆ ಮೊಬೈಲಿನಿಂದ ತಲೆ ಎತ್ತದೆ, "ಎಸಿ ಕಡಿಮೆ ಮಾಡ್ಕೊಂಡು ಮಲಕ್ಕೋ" ಎಂದರು. ಎರಡನೇ ಸಲ ಹೇಳಿದಾಗ "ವಯಸ್ಸಾಯ್ತಲ್ಲ" ಎಂದರು. ಮೂರನೇ ಸಲ ಹೇಳುವಷ್ಟು ಮಾನಗೆಟ್ಟವಳಲ್ಲ ನಾನು.

ಅಷ್ಟರಲ್ಲಿ ಕ್ಲಿನಿಕ್‌ನ ಮಾಲೀಕರು, ಜಿ.ಪಿ.ಗಳೆಲ್ಲ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಪ್ಲೊಮಾ ಮಾಡಲೇಬೇಕು, ಖಲಾಸ್, ಎಂದುಬಿಟ್ಟರು. ಇವರು ಕೆಂಡಾಮಂಡಲವಾದರು.

"ಕಣ್ಣಿಗೊಬ್ಬ ಸ್ಪೆಷಲಿಸ್ಟು, ಚರ್ಮಕ್ಕೊಬ್ಬ ಸ್ಪೆಷಲಿಸ್ಟು. ಮಿಕ್ಕಿದ್ದಕ್ಕೆಲ್ಲ ನಾನು. ಈಗ ಮಿಕ್ಕಿದ್ದಕ್ಕೂ ಸ್ಪೆಷಲಿಸ್ಟ್ ಆಗ್ಬೇಕಂತೆ. ರೋಗಿ ಹತ್ರ ಹೇಗೆ ಮಾತಾಡ್ಬೇಕು ಅಂತ ಇವ್ರು ನಂಗೆ ಹೇಳ್ಕೊಡ್ತಾರಂತೆ."

"ಕಲೀರಿ, ಒಳ್ಳೇದೇ" ಎಂದೆ. ಅವತ್ತು ಸಾರಿಗೂ ಬೈಗುಳ ಬಿತ್ತು.

ಪರೀಕ್ಷೆಯಲ್ಲಿ ಯಾರೋ ಒಬ್ಬರು ರೋಗಿಯ ವೇಷ ಹಾಕಿ ಕೂರುತ್ತಾರೆ, ಡಾಕ್ಟರು ಅವರನ್ನು ವಿಚಾರಿಸಬೇಕು. ಅಭ್ಯಾಸಕ್ಕೆಂದು ಕೋರ್ಸಿನವರು ಕಾರ್ಡುಗಳನ್ನು ಕೊಟ್ಟಿದ್ದರು: ಮುಂದೆ ರೋಗಿಯ ದೂರು, ಹಿಂದೆ ರೋಗದ ಹೆಸರು. ರೋಗಿಯಾಗುವ ಭಾಗ್ಯ ನನ್ನದು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಸಂಜೆ ತೆರೆಯುವ ನಡುವೆ ಮೊದಲೆಲ್ಲ ಇವರು ಗೊರಕೆ ಹೊಡೆಯುತ್ತಿದ್ದ ಹೊತ್ತಿನಲ್ಲಿ ಈಗ ಊಟದ ಮೇಜಿನ ಮುಂದೆ ಕ್ಲಿನಿಕ್ ಶುರುವಾಯಿತು. ಬೆನ್ನುನೋವಿನ ಲಾರಿ ಡ್ರೈವರ್ ಆದೆ. ಸಕ್ಕರೆ ಕಾಯಿಲೆಯ ಮುದುಕನಾಗಿ, ಖರ್ಜೂರ ಅಗಿಯುತ್ತಲೇ "ಸಿಹಿ ಮುಟ್ಟೋದೇ ಇಲ್ಲ ಡಾಕ್ಟ್ರೇ" ಎಂದೆ. ಇವರು ಅಷ್ಟಕ್ಕೂ ಸಿಡುಕದೆ, "ಬನ್ನಿ, ಕೂತ್ಕೊಳ್ಳಿ, ನಿಧಾನವಾಗಿ ಹೇಳಿ" ಎನ್ನುತ್ತಿದ್ದರು. ಮದುವೆಯಾದಾಗಿನಿಂದ ಇವರು ನನ್ನನ್ನು 'ನೀವು' ಎಂದದ್ದು ಅದೇ ಮೊದಲು. ನನಗದು ಚಟವಾಗಿಹೋಯಿತು.

ಒಂದು ದಿನ ಕಾರ್ಡುಗಳು ಮುಗಿದವು. ಇವರಿಗೆ ಹೇಳಲಿಲ್ಲ, ಎಂದಿನಂತೆ ಹೋಗಿ ಎದುರು ಕೂತೆ.

"ವಿಪರೀತ ಸುಸ್ತು ಡಾಕ್ಟ್ರೇ. ಮೆಟ್ಟಿಲು ಹತ್ತಿದ್ರೆ ಎದೆ ಹೊಡ್ಕೊಳ್ಳುತ್ತೆ."

ಇವರು ಮುಂದಕ್ಕೆ ಬಾಗಿದರು. ಎಷ್ಟು ದಿನದಿಂದ, ನಿದ್ದೆ ಹೇಗೆ, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆಯೇ, ಎಲ್ಲ ಕೇಳಿದರು. ನಾನು ಎಲ್ಲಕ್ಕೂ ನಿಜವನ್ನೇ ಹೇಳಿದೆ.

"ಮನೇಲಿ ಯಾರಿಗೂ ಹೇಳ್ಲಿಲ್ವಾ?"

"ಯಜಮಾನ್ರಿಗೆ ಹೇಳ್ದೆ. ವಯಸ್ಸಾಯ್ತು ಅಂದ್ರು."

"ಕೆಲವು ಗಂಡಸರು ಹಾಗೇನೇ" ಎಂದರು ನನ್ನ ಗಂಡ, ಬಹಳ ಮರುಕದಿಂದ. ನಗು ತಡೆಯಲು ತುಟಿ ಕಚ್ಚಿಕೊಂಡೆ. "ಏನಾಗಿರಬಹುದು ಅಂತ ನಿಮಗೆ ಭಯ?"

"ನಮ್ಮಮ್ಮನ ಹಾಗೆ ಹೃದಯದ್ದೇನೋ ಅಂತ."

"ಭಯ ಸಹಜ. ಇಸಿಜಿ ಮಾಡಿ ನೋಡೋಣ. ಆದ್ರೆ ನನಗೆ ರಕ್ತಹೀನತೆ ಅನ್ನಿಸ್ತಿದೆ." ಗೆದ್ದ ಮುಖ ಮಾಡಿ ಕೈ ಚಾಚಿದರು. "ಎಲ್ಲಿ, ಕಾರ್ಡ್ ಕೊಡು. ಹಿಂದೆ ಏನಿದೆ ನೋಡೋಣ."

"ಕಾರ್ಡ್ ಇಲ್ಲ ರೀ" ಎಂದೆ.

ಚಾಚಿದ ಕೈ ಹಾಗೇ ಉಳಿಯಿತು. ಆಮೇಲೆ ಎದ್ದು ಬಂದು ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಬಿಳಿಚಿಕೊಂಡಿತ್ತಂತೆ. ಮಣಿಕಟ್ಟು ಹಿಡಿದು ನಾಡಿ ನೋಡಿದರು. ನೋಡಿ ಮುಗಿದ ಮೇಲೂ ಕೈ ಬಿಡಲಿಲ್ಲ.

"ಇಷ್ಟು ದಿನ ಒಬ್ಬಳೇ ಹೆದರ್ಕೊಂಡಿದ್ಯಾ?"

ಚುಚ್ಚಿ ಮಾತಾಡಲು ನನ್ನ ಹತ್ತಿರ ಬೇಕಾದಷ್ಟು ಸರಕಿತ್ತು. ಆದರೂ ಬರೀ "ಹೂಂ" ಎಂದೆ, ಅಳು ಬಂದುಬಿಟ್ಟಿತು.