ಕೊನೆಯ ಕಂಬದ ಬಿಳಿ ಎತ್ತು

ಕರವಸ್ತ್ರದಲ್ಲಿ ಕಟ್ಟಿದ ಒಂದು ಸಣ್ಣ ಗಂಟು ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಬಿಚ್ಚಿದಾಗ ಮೊದಲು ಬಂದದ್ದು ನೋವಿನ ಎಣ್ಣೆಯ ವಾಸನೆ, ಅದರ ಹಿಂದೆ ತುಕ್ಕಿನ ವಾಸನೆ. ಒಳಗೆ ಕೀಲಿ ಕೊಡುವ ಹಳೆಯ ಸ್ಟಾಪ್‌ವಾಚ್. ಗಾಜು ಒಡೆದಿದೆ. ಮುಳ್ಳು ಎಂಟು ಸೆಕೆಂಡು ದಾಟಿ ನಾಲ್ಕು ಸಣ್ಣ ಗೆರೆಗಳಾಚೆ ನಿಂತಿದೆ. ಕುತ್ತಿಗೆಗೆ ಹಾಕಿಕೊಳ್ಳುವ ಬಿಳಿ ದಾರ ಅರ್ಧದವರೆಗೆ ಕಂದು ಬಣ್ಣಕ್ಕೆ ತಿರುಗಿದೆ. ಅದು ರಕ್ತ. ಯಾರದು, ಯಾವ ಮಧ್ಯಾಹ್ನ ಹತ್ತಿದ್ದು ಎಂದು ನನಗೆ ಗೊತ್ತು. ಆಗ ನಾನು ಅಲ್ಲೇ, ಚಿಲಕ ಹಾಕಿದ ಬಾಗಿಲ ಹಿಂದೆ ಇದ್ದೆ...

ಅವರು ನನ್ನ ಶಾಲೆಯ ಡ್ರಿಲ್ ಮೇಷ್ಟ್ರು. ಗಡಿನಾಡಿನ ಮತ್ತಿಗಿರಿಯಲ್ಲಿ ನಮ್ಮ ಎದುರು ಮನೆಯವರೂ ಹೌದು. ಹೊಡೆಯುವುದರಲ್ಲಿ ಹೆಸರಾಗಿದ್ದರು. ಹುಡುಗರ ಮೀನಖಂಡಕ್ಕೆ ಬೆತ್ತದಲ್ಲಿ ಬಾರಿಸಿದರೆ ಬಾಸುಂಡೆ ವಾರ ಉಳಿಯುತ್ತಿತ್ತು. ಎಂಟನೆಯ ತರಗತಿಯಲ್ಲಿ ಒಮ್ಮೆ ನಾನು ಮೈದಾನಕ್ಕೆ ತಡವಾಗಿ ಓಡಿ ಬಂದೆ. ಅವರು ವಾಚು ನೋಡಿ, "ಅರ್ಧ ನಿಮಿಷಾನೂ ಲೇಟೇ ಕಣಮ್ಮಾ. ಚಾಚು ಕೈನ," ಎಂದರು. ಒಂದೇ ಏಟು. ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ನಾನು ಅವರನ್ನು ಇಷ್ಟಪಟ್ಟಿದ್ದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಹೆದರುತ್ತಿದ್ದೆ, ಅಷ್ಟೇ.

ಶಾಲೆಯ ಹೊರಗೆ ಅವರು ಇನ್ನೊಂದು ಕೆಲಸಕ್ಕೆ ಹೆಸರಾಗಿದ್ದರು. ಸಂಕ್ರಾಂತಿಯ ನಂತರ ನಮ್ಮ ಕಡೆಯ ಊರುಗಳಲ್ಲಿ ಎತ್ತು ಬಿಡುತ್ತಾರೆ. ಬೀದಿಯ ಎರಡೂ ಬದಿಗೆ ಸರ್ವೆ ಮರದ ಗಳ ಕಟ್ಟಿ, ನಡುವೆ ಎತ್ತುಗಳನ್ನು ಒಂದೊಂದಾಗಿ ಓಡಿಸುತ್ತಾರೆ. ಮೊದಲ ಕಂಬದಿಂದ ಕೊನೆಯ ಕಂಬಕ್ಕೆ ಯಾವುದು ಕಡಿಮೆ ಹೊತ್ತಿನಲ್ಲಿ ಮುಟ್ಟುತ್ತದೋ ಅದು ಗೆದ್ದಂತೆ. ಮೂವತ್ತು ವರ್ಷ ಆ ಹೊತ್ತನ್ನು ಅಳೆದವರು ಇವರು. ಒಂದು ಸಲ ಗಳ ಮುರಿದುಕೊಂಡು ಎತ್ತು ಜನರೊಳಗೆ ನುಗ್ಗಿ ಒಬ್ಬನ ತೊಡೆಗೆ ಕೊಂಬು ಹಾಕಿತು. ಮೂಳೆ ಕಾಣುತ್ತಿತ್ತಂತೆ. ಮೇಷ್ಟ್ರು ಎಡಗೈಯಲ್ಲೇ ಅವನ ತೊಡೆಗೆ ಟವೆಲ್ ಬಿಗಿದರಂತೆ. ಬಲಗೈ ವಾಚು ಬಿಡಲಿಲ್ಲ.

ನಾನು ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಕೊನೆಯ ವರ್ಷ ಅವರು ನಮ್ಮ ಮನೆಗೆ ಬಂದು, ಹೊಸಿಲ ಬಳಿಯೇ ಕುರ್ಚಿ ಎಳೆದುಕೊಂಡು ಕುಳಿತರು. ಆ ಹೊತ್ತಿಗೆ ರಿಟೈರ್ ಆಗಿದ್ದರು. ಮೇಲ್ದುಟಿಯಲ್ಲಿ ಹೊಸ ಹೊಲಿಗೆಯ ಗುರುತಿತ್ತು.

"ಹೆಬ್ಬೆಟ್ಟು ನಡುಗ್ತದಂತೆ ಕಣಮ್ಮಾ ನಂದು. ಹೋದ್ಸಲ ಒಬ್ಬ ಎಕ್ಕಡ ಎಸೆದ, ಇನ್ನೊಬ್ಬ ಕಲ್ಲು. ಮನುಷ್ಯನ್ ಮೇಲೆ ಸಿಟ್ಟು ಬತ್ತದೆ, ಯಂತ್ರದ್ ಮೇಲೆ ಯಾರಿಗ್ ಬತ್ತದೆ? ಫೋನಲ್ಲಿ ಏನಾರ ಮಾಡ್ಕೊಡು."

ಮಾಡಿಕೊಟ್ಟೆ. ಫೋನಿನ ಕ್ಯಾಮೆರಾ ಎರಡು ಕಂಬಗಳನ್ನೂ ನೋಡುತ್ತಿರಬೇಕು. ಪ್ರತಿ ಕಂಬದ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಬೆಳಕು ತಟ್ಟನೆ ಬದಲಾದರೆ ಎತ್ತು ಬಂತು ಎಂದು ಗುರುತಿಸಬೇಕು. ಮೊದಲು ಬ್ರೌಸರಿನ ಸಾಮಾನ್ಯ ಸ್ಕ್ರಿಪ್ಟಿನಲ್ಲಿ ಬರೆದೆ. ಅವರ ಹಳೆಯ ಫೋನು ಅದನ್ನು ತಾಳಲಿಲ್ಲ. ಚಿತ್ರಗಳು ನಡುನಡುವೆ ತಪ್ಪಿಹೋಗುತ್ತಿದ್ದವು. ಆಮೇಲೆ ಅದೇ ಕೋಡನ್ನು ಪ್ರತಿ ಅಂಕಿಗೂ ಅದರ ಅಳತೆಯನ್ನು ಮೊದಲೇ ಹೇಳಬೇಕಾದ ಭಾಷೆಗೆ ತಿರುಗಿಸಿದೆ. ಅದನ್ನು ಕಂಪೈಲ್ ಮಾಡಿದರೆ ಒಂದು ಪುಟ್ಟ ಮಾಡ್ಯೂಲ್ ಬರುತ್ತದೆ. ಬ್ರೌಸರ್ ಅದನ್ನು ಹೆಚ್ಚುಕಡಿಮೆ ಯಂತ್ರದ ವೇಗದಲ್ಲೇ ಓಡಿಸುತ್ತದೆ. ಅದೇ ಫೋನಿನಲ್ಲಿ ಒಂದು ಚಿತ್ರವೂ ತಪ್ಪಲಿಲ್ಲ.

ಅವರು ಪಕ್ಕದಲ್ಲಿ ಕುಳಿತು ಪರದೆ ನೋಡುತ್ತಿದ್ದರು.

"ಇದೇನಮ್ಮಾ, ಒಂದೊಂದ್ ಅಂಕಿಗೂ ಒಂದೊಂದ್ ಜಾತಿ ಬರೀತಿದ್ದೀಯ?"

"ಜಾತಿ ಅಲ್ಲ ಸಾರ್, ಅಳತೆ. ಎಷ್ಟು ದೊಡ್ಡ ಅಂಕಿ ಹಿಡಿಸುತ್ತೆ ಅಂತ."

"ಅಳತೆ ಮೀರುದ್ರೆ?"

"ಮೀರಲ್ಲ ಸಾರ್."

ನನ್ನ ಸ್ಕೂಟರಿನಲ್ಲಿ ಪರೀಕ್ಷಿಸಿದೆವು. ಅವಲಪಲ್ಲಿಯಲ್ಲಿ ಅವರಿಗೆ ಗೊತ್ತಿದ್ದವರ ಕಂದು ಎತ್ತನ್ನು ಓಡಿಸಿ ನೋಡಿದೆವು. ಪ್ರತಿ ಸಲವೂ ಮಾಡ್ಯೂಲ್ ಹೇಳಿದ್ದಕ್ಕೂ ಅವರ ಹೆಬ್ಬೆರಳಿಗೂ ಒಂದು ಗೆರೆಯಷ್ಟೂ ವ್ಯತ್ಯಾಸ ಬರಲಿಲ್ಲ.

ಬೇರಿಕೆಯ ಆಚೆಯ ಒಂದು ಊರಿನಲ್ಲಿ ಆ ವರ್ಷದ ಓಟ. ಬೀದಿಗೆ ಎದುರಾಗಿದ್ದ ಮನೆಯ ತಾರಸಿಯಲ್ಲಿ ಫೋನು ನಿಲ್ಲಿಸಿ ನಾನು ಕುಳಿತೆ. ಮೇಷ್ಟ್ರು ಪಕ್ಕದಲ್ಲಿ ಅಭ್ಯಾಸಬಲದಿಂದ ವಾಚು ಹಿಡಿದು ನಿಂತರು. ಬೆಳಿಗ್ಗೆಯಿಂದಲೇ ರಕ್ತ ಹರಿದಿತ್ತು. ಒಬ್ಬನ ಪಕ್ಕೆ ಸೀಳಿತ್ತು, ಅವನನ್ನು ಮಂಚದ ಮೇಲೆ ಹೊತ್ತುಕೊಂಡು ಹೋದರು. ಹಿಂದೆಯೇ ಮುಂದಿನ ಎತ್ತು ಬಿಟ್ಟರು. ಬಾಲ ಕಚ್ಚಿ, ಮೆಣಸಿನಪುಡಿ ಹಚ್ಚಿ, ಬೆನ್ನಿಗೆ ಮೊಳೆಕೋಲು ಚುಚ್ಚಿ ಓಡಿಸುತ್ತಿದ್ದರು. ಬೂದು, ಕಂದು, ಅರಿಶಿನ ಬಳಿದವು... ಮಧ್ಯಾಹ್ನದ ಹೊತ್ತಿಗೆ ಬೇರೆ ಯಾರದೋ ಒಂದು ಕಂದು ಎತ್ತು ಎಲ್ಲಕ್ಕಿಂತ ಮುಂದಿತ್ತು.

ಕೊನೆಯದಾಗಿ ಬಂದದ್ದು ಬಿಳಿ ಎತ್ತು. ಆಗಷ್ಟೇ ತೊಳೆದಿದ್ದ ಅದರ ಮೈ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತಿತ್ತು. ಹುಣಸೆಮರದ ನೆರಳಿನಲ್ಲಿದ್ದ ಮೊದಲ ಕಂಬ ದಾಟಿ, ಉರಿಬಿಸಿಲಿನಲ್ಲಿದ್ದ ಕೊನೆಯ ಕಂಬಕ್ಕೆ ಅದು ನುಗ್ಗಿ ಬಂದಾಗ ಜನ ಎದ್ದು ನಿಂತು ಕೂಗಿದರು. ಗೆದ್ದಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಫೋನು ಮಾತ್ರ ಎಂಟು ಪಾಯಿಂಟ್ ಆರು ಎಂದಿತು. ಕಂದು ಎತ್ತಿನದು ಎಂಟು ಪಾಯಿಂಟ್ ಐದು ಮೂರು.

ಮೇಷ್ಟ್ರು ತಮ್ಮ ವಾಚು ನೋಡಿಕೊಂಡರು. ಫೋನು ನೋಡಿದರು. ಮತ್ತೆ ವಾಚು ನೋಡಿದರು. "ಸರಿಯಾಗೈತಾಮ್ಮಾ ಇದು?" ಎಂದು ಮೆಲ್ಲಗೆ ಕೇಳಿದರು.

"ಸರಿಯಾಗಿದೆ ಸಾರ್," ಎಂದೆ. ವಿಡಿಯೊ ಹಿಂದಕ್ಕೆ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕಿತ್ತು. ನೋಡಲಿಲ್ಲ.

ಅವರು ಒಂದು ಗಳಿಗೆ ತಮ್ಮ ಹೆಬ್ಬೆರಳನ್ನೇ ನೋಡಿದರು. ಆಮೇಲೆ ಕೆಳಗೆ ಬಗ್ಗಿ ಮೈಕಿನವನಿಗೆ ಕಂದು ಎತ್ತು ಎಂದು ಹೇಳಿದರು.

ಮೈಕು ಅದನ್ನು ತಮಿಳಿನಲ್ಲಿ, ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿ ಮುಗಿಸುವ ಮೊದಲೇ ಕಲ್ಲು ಬೀಳತೊಡಗಿದವು. ಬಿಳಿ ಎತ್ತಿನ ಯಜಮಾನ ಬೀದಿಯ ನಡುವೆ ನಿಂತು, "ಲೇ ಮೇಷ್ಟ್ರೇ! ಕಣ್ಣಿಗ್ ಮಣ್ಣು ಬಿದ್ದೈತಾ? ಕುರುಡನ್ ಕೇಳಿದ್ರೂ ಹೇಳ್ತಾನೆ ಕಣಯ್ಯಾ ಯಾವುದ್ ಗೆದ್ದಿದ್ದು ಅಂತ! ಯಾರ್ ಮನೇಲಿ ಬಾಡೂಟ ಉಂಡ್ಬಂದೆ?" ಎಂದು ಕೂಗುತ್ತಿದ್ದ. ಜನ ಸರ್ವೆ ಗಳಗಳನ್ನು ಕಿತ್ತುಕೊಳ್ಳುತ್ತಿದ್ದರು. ಮೇಷ್ಟ್ರು ಫೋನನ್ನು ನನ್ನ ಕೈಗೆ ತುರುಕಿ, ಮೆಟ್ಟಿಲ ಮೇಲಿನ ಸಣ್ಣ ಕೋಣೆಗೆ ನೂಕಿದರು.

"ಚಿಲ್ಕ ಹಾಕ್ಕೋ. ನಾನ್ ಸತ್ರೂ ತೆಗೀಬ್ಯಾಡ."

ಅವರೇ ಕೆಳಗಿಳಿದು ಹೋದರು. ನಾನು ಗವಾಕ್ಷಿಯಿಂದ ನೋಡಿದೆ. "ಯಂತ್ರ ನಂದು, ಲೆಕ್ಕ ನಂದು," ಎಂದು ಅವರು ಹೇಳಿದ್ದು ಕೇಳಿಸಿತು. ಮೊದಲ ಗಳ ಅವರ ದವಡೆಗೆ ಬಿತ್ತು. ಒಣಸೌದೆ ಮುರಿದಂತಹ ಸದ್ದು. ಬಿದ್ದ ಮೇಲೆ ಒದ್ದರು, ತಲೆಗೆ, ಹೊಟ್ಟೆಗೆ. ಬಲಮುಷ್ಟಿ ಮುಚ್ಚಿಕೊಂಡೇ ಇತ್ತು. ಅದನ್ನು ಬಿಡಿಸಲು ಒಬ್ಬ ಅದರ ಮೇಲೆ ಹತ್ತಿ ನಿಂತು ಹಿಮ್ಮಡಿಯಿಂದ ತುಳಿದ... ಬೆರಳು ಮುರಿದವು, ಮುಷ್ಟಿ ತೆರೆಯಲಿಲ್ಲ. ನಾನು ಚಿಲಕ ತೆಗೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಆ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ನೋಡಿದೆ. ಬಿಳಿ ಎತ್ತಿನ ಮೂತಿ ಕೊನೆಯ ಕಂಬ ಮುಟ್ಟಿದ ಮೇಲೂ ಮಾಡ್ಯೂಲ್ ಐದು ಚಿತ್ರಗಳಷ್ಟು ಕಾಲ ಸುಮ್ಮನಿತ್ತು. ಬಾಲ ದಾಟುವಾಗಷ್ಟೇ ಎಚ್ಚೆತ್ತಿತ್ತು. ಬೆಳಕಿನ ಬದಲಾವಣೆಯನ್ನು ಕೂಡಿಸುವ ಮೊತ್ತಕ್ಕೆ ನಾನು ಕೊಟ್ಟಿದ್ದ ಅಳತೆ ಹದಿನಾರು ಬಿಟ್. ಅದು ಅರವತ್ತೈದು ಸಾವಿರ ಚಿಲ್ಲರೆಯವರೆಗೆ ಹಿಡಿಯುತ್ತದೆ. ಮೀರಿದರೆ, ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ಮುಗಿದು ಸೊನ್ನೆಗೆ ಬರುವಂತೆ, ಮತ್ತೆ ಮೊದಲಿನಿಂದ. ಕಂದು ಎತ್ತುಗಳಿಂದ ಅದು ಎಂದೂ ಮೀರಿರಲಿಲ್ಲ. ಬಿಸಿಲಿನಲ್ಲಿ ಅಷ್ಟು ಬಿಳಿಯ ಮೈ ಕಂಬದ ಬಳಿಯ ಪಟ್ಟಿಯನ್ನು ತುಂಬಿದಾಗ ಮೀರಿತು. ಕಣ್ಣೆದುರಿಗೇ ಇದ್ದ ಎತ್ತು ಲೆಕ್ಕದಲ್ಲಿ ಇರಲಿಲ್ಲ. ನಿಧಾನದ ಹಳೆಯ ಸ್ಕ್ರಿಪ್ಟಿನಲ್ಲಿ ಈ ತಪ್ಪು ಆಗುತ್ತಲೇ ಇರಲಿಲ್ಲ. ಚಿಕ್ಕ ಅಳತೆಯಿಂದ ವೇಗ ಹೆಚ್ಚುತ್ತದೆ ಎಂದುಕೊಂಡಿದ್ದೆ. ಅದೂ ಹೆಚ್ಚಿರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ಮಾಡ್ಯೂಲಿನೊಳಗೆ ಹದಿನಾರನ್ನೂ ಮೂವತ್ತೆರಡರ ಜಾಗದಲ್ಲೇ ಇಡುತ್ತಾರೆ.

ಹದಿನಾರನ್ನು ಮೂವತ್ತೆರಡು ಮಾಡಿದೆ. ಎರಡು ಅಂಕಿ. ಬಿಳಿ ಎತ್ತು ಎಂಟು ಪಾಯಿಂಟ್ ನಾಲ್ಕು ಮೂರು.

ಆಸ್ಪತ್ರೆಯಲ್ಲಿ ಅವರ ದವಡೆಗೆ ತಂತಿ ಬಿಗಿದಿದ್ದರು. ಅವರ ಹೆಂಡತಿ ಗಂಜಿ ತರಲು ಹೋಗಿದ್ದ ಹೊತ್ತಿನಲ್ಲಿ ಎಲ್ಲ ಹೇಳಿದೆ. ಅವರು ಬೈಯುತ್ತಾರೆ, ಮುಖ ತಿರುಗಿಸುತ್ತಾರೆ ಎಂದುಕೊಂಡಿದ್ದೆ. ಎಡಗೈಯಲ್ಲಿ ಕಾಗದದ ಮೇಲೆ ಗೀಚಿದರು: ಬಿಳೀದು ಎಷ್ಟು? ಹೇಳಿದೆ. ದಿಂಬಿನ ಕೆಳಗಿನಿಂದ ಒಡೆದ ವಾಚು ತೆಗೆದು ನನ್ನ ಮುಂದೆ ಹಿಡಿದರು. ಎಂಟು ದಾಟಿ ನಾಲ್ಕು ಗೆರೆ, ಅಂದರೆ ಎಂಟು ಪಾಯಿಂಟ್ ನಾಲ್ಕು. ನಗಲು ಹೋಗಿ ತಂತಿಯ ಬಳಿ ರಕ್ತ ಜಿನುಗಿತು. ಮತ್ತೆ ಬರೆದರು: ಹೆಬ್ಬೆಟ್ಟು ಸರಿ ಇತ್ತು. ಅದರ ಕೆಳಗೆ: ನಿನ್ನ ಹೆಸರು ಬೇಡ. ವಾಚು ಹಿಡಿದೋನು ನಾನು.

ಅದನ್ನು ಓದಿದಾಗ ನನಗೆ ಆದದ್ದು ಸಂಕಟವಲ್ಲ, ನೆಮ್ಮದಿ. ಇದನ್ನು ಇಲ್ಲಿ ಬರೆಯಲೇಬೇಕು.

ತಂತಿ ಬಿಚ್ಚಿದ ವಾರವೇ ಅವರು ಆ ಊರಿಗೆ ಹೊರಟರು. ನಾನೂ ಜೊತೆಗೆ ಹೋದೆ, ಆದರೆ ಆಟೋದಿಂದ ಇಳಿಯಲಿಲ್ಲ. ಅವರು ಬಿಳಿ ಎತ್ತಿನ ಯಜಮಾನನ ಅಂಗಳದಲ್ಲಿ ನಿಂತು, ಅರ್ಧ ತೆರೆಯುವ ಬಾಯಿಯಲ್ಲಿ, "ನಿನ್ ಎತ್ತೇ ಕಣಪ್ಪ ಗೆದ್ದಿದ್ದು. ತಪ್ಪು ನಂದು," ಎಂದರು.

"ನೋಡ್ರಲಾ, ಒಪ್ಕೊಂಬುಟ್ಟ!" ಎಂದು ಯಜಮಾನ ಬೀದಿಗೆಲ್ಲ ಕೇಳುವಂತೆ ಕೂಗಿದ. "ನಾಲ್ಕ್ ಬಿಗುದ್ಮೇಲೆ ನಿಜ ಬಂತು!" ಯಾರೋ ಅವರ ಹೆಗಲ ಟವೆಲ್ ಎಳೆದು ಗಂಜಲದ ಗುಂಡಿಗೆ ಎಸೆದರು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಆಟೋ ಹತ್ತಿ, "ಟೈಮು ಸರಿ ಆಯ್ತು," ಎಂದರು.

ಮೇಷ್ಟ್ರು ಲಂಚ ತಿಂದು ಸಿಕ್ಕಿಬಿದ್ದರು ಎಂಬ ಸುದ್ದಿ ನಮಗಿಂತ ಮೊದಲೇ ನಮ್ಮ ಬೀದಿಗೆ ಬಂದಿತ್ತು. ಮತ್ತೆ ಯಾವ ಊರೂ ಅವರನ್ನು ಕರೆಯಲಿಲ್ಲ. ನನಗೆ ಕೆಲಸ ಸಿಕ್ಕಿತು, ಇಂತಹವೇ ಮಾಡ್ಯೂಲುಗಳನ್ನು ಬರೆಯುವ ಕೆಲಸ. ಅವರು ಮೂರು ವರ್ಷ ತಲೆನೋವಿನಲ್ಲಿ ನರಳಿ, ಕಳೆದ ತಿಂಗಳು ತೀರಿಕೊಂಡರು.

ಈ ಗಂಟನ್ನು ತಂದವರು ಅವರ ಹೆಂಡತಿ. "ನಿಂಗ್ ಕೊಡು ಅಂದಿದ್ರು," ಎಂದು ಮೇಜಿನ ಮೇಲಿಟ್ಟರು. ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು: "ನೀನ್ ಅಲ್ಲೇ ಇದ್ದೆ. ನಿಜ ಹೇಳಮ್ಮಾ... ಅವ್ರು ಕಾಸಿಗ್ ಕೈ ಒಡ್ಡಿದ್ರಾ?"

ಹೇಳಿದೆ. ಹದಿನಾರು, ಮೂವತ್ತೆರಡು, ಚಿಲಕ, ಆಟೋ, ಎಲ್ಲವನ್ನೂ.

ಅವರು ನನ್ನ ಕೆನ್ನೆಗೆ ಹೊಡೆದರು. ಮುದಿ ಕೈ, ಆದರೂ ಕಿವಿ ಗುಂಯ್ ಎಂದಿತು. "ಮೂರ್ ವರ್ಸ ಕಣೇ," ಎಂದರು. "ಮೂರ್ ವರ್ಸ ಆ ಮುರುಕ್ಲು ಬಾಯಿಗ್ ಗಂಜಿ ಹುಯ್ದೆ. ಒಂದೊಂದ್ ಚಮಚಕ್ಕೂ ಒಳಗೊಳಗೇ ಥೂ ಅಂತ ಉಗುದೆ, ತಿಂದ್ಬಂದವ್ನೆ ಅಂತ. ಅವ್ರಿಗ್ ಗೊತ್ತಿತ್ತೇನೋ... ಒಂದ್ ಮಾತು ಆಡ್ನಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಭಾನುವಾರ ಬೇರಿಕೆ ಬಸ್ಸು ಹತ್ತೋವ. ಅಲ್ಲೂ ಇಂಗೇ ನಿಂತ್ಕೊಂಡು ಹೇಳು," ಎಂದು ಹೊರಟರು.

ನಾಳೆ ಭಾನುವಾರ. ಲ್ಯಾಪ್‌ಟಾಪಿನಲ್ಲಿ ಆ ವಿಡಿಯೊ ಇದೆ, ಚೀಲದಲ್ಲಿ ಈ ವಾಚು ಇರುತ್ತದೆ. ನಂಬುತ್ತಾರೋ ಹೊಡೆಯುತ್ತಾರೋ ಗೊತ್ತಿಲ್ಲ. ಅರ್ಧ ನಿಮಿಷ ತಡವಾಗಿದ್ದಕ್ಕೆ ಅವರು ನನ್ನ ಅಂಗೈಗೆ ಒಂದು ಏಟು ಕೊಟ್ಟಿದ್ದರು. ಈಗ ಮೂರು ವರ್ಷ ತಡ... ಹೊಡೆಯಲು ಅವರಿಲ್ಲ.